ಕಟ್ಟರ್‌ಗೆ ತಮ್ಮನ ಎರಡು ಬೆರಳು ಹೋದವು, ಓನರ್ ಬಾಂಡ್ ಪೇಪರ್‌ಗೆ ಸಹಿ ಕೇಳುತ್ತಿದ್ದಾರೆ. ಏನು ಮಾಡಲಿ?

ರಾಣೆಬೆನ್ನೂರಿನ ಅಕ್ಕ · 10 ಆಗಸ್ಟ್ 2025

ಎಲ್ಲರಿಗೂ ನಮಸ್ಕಾರ. ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮನಿಗೆ 26 ವರ್ಷ. ಬೆಂಗಳೂರಿನ ಮಾಗಡಿ ರಸ್ತೆ ಕಡೆ ಒಂದು ಫರ್ನಿಚರ್ ವರ್ಕ್‌ಶಾಪ್‌ನಲ್ಲಿ ನಾಲ್ಕು ವರ್ಷದಿಂದ ಬಡಗಿ ಕೆಲಸ. ದಿನಕ್ಕೆ 700 ರೂಪಾಯಿ, ಶನಿವಾರ ಬಟವಾಡೆ. ಅವನನ್ನೂ ಸೇರಿಸಿ ಆರು ಜನ.

ಜುಲೈ 19, ಶನಿವಾರ ಸಂಜೆ ಆರೂವರೆ. ಭಾನುವಾರ ಬೆಳಗ್ಗೆ ಒಂದು ವಾರ್ಡ್‌ರೋಬ್ ಕಳಿಸಬೇಕಿತ್ತು. ನೆಲದ ಮೇಲೆ 18 ಎಂಎಂ ಪ್ಲೈವುಡ್ ಹಾಸಿ, ಎಡಗೈಯಲ್ಲಿ ಅದುಮಿ ಹಿಡಿದು, ಬಲಗೈಯಲ್ಲಿ ಮಾರ್ಬಲ್ ಕಟ್ಟರ್ ಓಡಿಸುತ್ತಿದ್ದ. ಅದಕ್ಕೆ ಹಾಕಿದ್ದು ಮರ ಕೊಯ್ಯುವ ಹಲ್ಲಿನ ಬ್ಲೇಡ್. ಬ್ಲೇಡ್ ಮುಚ್ಚುವ ಗಾರ್ಡ್ ಇರಲಿಲ್ಲ. ಕೊಯ್ದ ಸೀಳು ಮುಚ್ಚಿಕೊಂಡು ಬ್ಲೇಡ್ ಸಿಕ್ಕಿಬಿತ್ತಂತೆ, ಮಷಿನ್ ಎಗರಿ ಎಡಗೈ ಮೇಲೆ ಬಂತು. ತೋರುಬೆರಳು, ಮಧ್ಯದ ಬೆರಳು ಬುಡಕ್ಕೇ ಹೋದವು.

ಜೊತೆಗಿದ್ದ ಹುಡುಗರು ಬೆರಳು ಹುಡುಕಿ, ಪಕ್ಕದ ಜ್ಯೂಸ್ ಅಂಗಡಿಯಿಂದ ಐಸ್ ತಂದು, ಅದರೊಳಗೇ ಹಾಕಿಕೊಂಡು ಹೋಗಿದ್ದಾರೆ. ಜೋಡಿಸಲು ಆಗಲ್ಲ ಎಂದರು ಡಾಕ್ಟರ್. ಆಸ್ಪತ್ರೆ ಬಿಲ್ 62 ಸಾವಿರ ಓನರ್ ಕಟ್ಟಿದರು, ಇಲ್ಲ ಅನ್ನಲ್ಲ. ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ "ಮನೆಯಲ್ಲಿ ಆದ ಗಾಯ" ಎಂದಿದೆ. ಹಾಗೆ ಬರೆಸಿದ್ದು ಯಾರು ಎಂದು ತಮ್ಮನಿಗೆ ಗೊತ್ತಿಲ್ಲ, ಅವನು ಅರೆಪ್ರಜ್ಞೆಯಲ್ಲಿದ್ದ.

ಈಗ ಊರಿಗೆ ಬಂದಿದ್ದಾನೆ. ಮೊನ್ನೆ ಓನರ್ ಫೋನ್ ಮಾಡಿ, ಇನ್ನೂ 50 ಸಾವಿರ ಕೊಡುತ್ತೇನೆ, ಬಾಂಡ್ ಪೇಪರ್‌ಗೆ ಸಹಿ ಹಾಕಿ ಕಳಿಸು ಅಂದರು. "ಗಾರ್ಡ್ ಬಿಚ್ಚಿದ್ದು ನೀನೇ, ಕೇಸ್ ಹಾಕಿದರೆ ಒಂದು ರೂಪಾಯಿ ಬರಲ್ಲ" ಅಂತಲೂ ಅಂದರು. ಅಪ್ಪ ತಗೊಂಡು ಬಿಡೋಣ ಎನ್ನುತ್ತಾರೆ. ತಮ್ಮ ಏನೂ ಮಾತಾಡುತ್ತಿಲ್ಲ. ಟವೆಲ್‌ನಲ್ಲಿ ಕೈ ಮುಚ್ಚಿಕೊಂಡು ಕೂತಿರುತ್ತಾನೆ.

ಸಹಿ ಹಾಕಬೇಕಾ?

ಪೀಣ್ಯ ಫಿಟ್ಟರ್

ಹಾಕಬೇಡಿ. ಮೊದಲು ಅಷ್ಟು. ಉಳಿದದ್ದು ತಿಳಿದವರು ಹೇಳುತ್ತಾರೆ.

ಮರಗೆಲಸದವ

ಅಕ್ಕಾ, ಓದಿ ಕೈ ನಡುಗಿತು. ನಾನೂ ಹದಿನೆಂಟು ವರ್ಷದಿಂದ ಇದೇ ಕೆಲಸ. ಮಾರ್ಬಲ್ ಕಟ್ಟರ್ ಕಲ್ಲು ಕೊಯ್ಯಲು ಮಾಡಿದ್ದು. ಅದರ ವಜ್ರದ ಬ್ಲೇಡ್‌ಗೆ ಹಲ್ಲಿಲ್ಲ, ಉಜ್ಜುತ್ತಾ ಹೋಗುತ್ತದೆ. ಹಲ್ಲಿನ ಬ್ಲೇಡ್ ಹಾಕಿದ ಕೂಡಲೇ ಅದು ಬೇರೆಯೇ ಪ್ರಾಣಿ. ಹಲ್ಲು ಮರವನ್ನು ಕಚ್ಚುತ್ತದೆ, ಸಿಕ್ಕಿಕೊಂಡರೆ ಇಡೀ ಮಷಿನ್ ಹಿಂದಕ್ಕೆ ಹಾರುತ್ತದೆ. ಸರ್ಕ್ಯುಲರ್ ಸಾ ಆದರೆ ಕೆಳಗಿನ ಗಾರ್ಡ್ ಸ್ಪ್ರಿಂಗ್‌ನಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಅದಿಲ್ಲ. ಆದರೂ ಪ್ರತಿ ಸೈಟ್‌ನಲ್ಲೂ ಇದೇ, ಯಾಕೆಂದರೆ ಅಗ್ಗ, ಹಗುರ.

ಪ್ಲೈ ಕೆಳಗೆ ಎರಡು ರೀಪರ್ (ಮರದ ಪಟ್ಟಿ) ಕೊಟ್ಟು, ಕೊಯ್ದ ಜಾಗಕ್ಕೆ ಒಂದು ಸಣ್ಣ ಬೆಣೆ ಸಿಕ್ಕಿಸಿದ್ದರೆ ಸೀಳು ಮುಚ್ಚಿಕೊಳ್ಳುತ್ತಿರಲಿಲ್ಲ. ಶನಿವಾರ ಸಂಜೆ ಆರೂವರೆಗೆ ಯಾರಿಗೆ ಅಷ್ಟು ವ್ಯವಧಾನ ಇರುತ್ತದೆ.

ಜಯನಗರ 4ನೇ ಬ್ಲಾಕ್

ಬೇಜಾರಾಗಬೇಡಿ. ಗಾರ್ಡ್ ಇಲ್ಲದ ಮಷಿನ್ ಮುಟ್ಟಿದ್ದು ತಪ್ಪಲ್ವಾ? ನಮ್ಮ ಮನೆ ಇಂಟೀರಿಯರ್ ಮಾಡಿದವರಿಗೆ ನಾನೇ ಗ್ಲೌಸ್, ಕನ್ನಡಕ ತಂದುಕೊಟ್ಟೆ. ಒಬ್ಬರೂ ಹಾಕಲಿಲ್ಲ.

ಪೀಣ್ಯ ಫಿಟ್ಟರ್

@ಜಯನಗರ 4ನೇ ಬ್ಲಾಕ್, ಕನ್ನಡಕ ಸರಿ. ಆದರೆ ತಿರುಗುವ ಗರಗಸದ ಹತ್ತಿರ ಬಟ್ಟೆ ಗ್ಲೌಸ್ ಹಾಕಬಾರದು. ದಾರದ ಒಂದು ಎಳೆ ಸಿಕ್ಕರೂ ಕೈಯನ್ನೇ ಒಳಕ್ಕೆ ಎಳೆಯುತ್ತದೆ. ಅವರು ಹಾಕದೇ ಇದ್ದದ್ದು ಒಳ್ಳೆಯದೇ ಆಯಿತು. ಉಂಗುರ, ಕೈಗೆ ಕಟ್ಟಿದ ದಾರ, ತುಂಬುತೋಳಿನ ಅಂಗಿಗೂ ಇದೇ ಮಾತು.

ತಪ್ಪಿನ ವಿಷಯಕ್ಕೆ ಬಂದರೆ, ದಿನಗೂಲಿ ಹುಡುಗ "ಗಾರ್ಡ್ ಇಲ್ಲ, ನಾನು ಮಾಡಲ್ಲ" ಅಂದರೆ ಸೋಮವಾರ ಅವನ ಜಾಗದಲ್ಲಿ ಬೇರೆಯವನು ಇರುತ್ತಾನೆ. ಪೀಣ್ಯದಲ್ಲಿ ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಲೈನ್‌ನಲ್ಲಿ ಒಬ್ಬ 4 ಇಂಚಿನ ಗ್ರೈಂಡರ್‌ಗೆ ಗಾರ್ಡ್ ತೆಗೆದು 5 ಇಂಚಿನ ಡಿಸ್ಕ್ ಹಾಕಿದ, ಬೇಗ ಸವೆಯಲ್ಲ ಎಂದು. 4 ಇಂಚಿನ ಮಷಿನ್ ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತಿನ ಹತ್ತಿರ ತಿರುಗುತ್ತದೆ. ಡಿಸ್ಕ್ ದೊಡ್ಡದಾದಷ್ಟು ಅದರ ಅಂಚಿನ ವೇಗ ಜಾಸ್ತಿ. ಒಡೆದು ಚೂರು ಕೆನ್ನೆಗೆ ಹೊಕ್ಕಿತು. ಡಿಸ್ಕ್‌ನ ನಡುವಿನ ಲೋಹದ ಉಂಗುರದ ಮೇಲೆ ಎಕ್ಸ್‌ಪೈರಿ ಒತ್ತಿರುತ್ತಾರೆ, ಅದು ಎಷ್ಟು ಜನಕ್ಕೆ ಗೊತ್ತು?

ಸುಮ್ನೆ ಓದುವವ

ಡಿಸ್ಕ್‌ಗೂ ಎಕ್ಸ್‌ಪೈರಿ ಇದೆಯಾ! ಈಗಲೇ ಹೋಗಿ ನೋಡುತ್ತೇನೆ.

ತುಮಕೂರು ಲಾಯರ್

ರಾಣೆಬೆನ್ನೂರಿನ ಅಕ್ಕ, ನಾನು ಕಾರ್ಮಿಕ ಪರಿಹಾರದ ಕೇಸ್‌ಗಳನ್ನೇ ಜಾಸ್ತಿ ಮಾಡುತ್ತೇನೆ. ನಿಧಾನವಾಗಿ ಓದಿ.

ಆರೇ ಜನ ಇರುವುದರಿಂದ ಇಎಸ್‌ಐ (ನೌಕರರ ಸರ್ಕಾರಿ ವಿಮೆ) ಬರುವುದಿಲ್ಲ, ಅದಕ್ಕೆ ಹತ್ತು ಜನ ಬೇಕು. ನಿಮಗೆ ಅನ್ವಯಿಸುವುದು 1923ರ ನೌಕರರ ಪರಿಹಾರ ಕಾಯ್ದೆ. ಕರೆಂಟಿನಲ್ಲಿ ಮಷಿನ್ ಓಡಿಸಿ ಸಾಮಾನು ತಯಾರಿಸುವ ಜಾಗ ಅದರೊಳಗೆ ಬರುತ್ತದೆ. ನೇಮಕಾತಿ ಪತ್ರ ಇಲ್ಲ, ಪಿಎಫ್ ಇಲ್ಲ ಎನ್ನುವುದೆಲ್ಲ ಅಡ್ಡಿ ಅಲ್ಲ.

ಯಾವ ಅಂಗಕ್ಕೆ ಎಷ್ಟು ಎಂದು ಕಾಯ್ದೆಯ ಮೊದಲ ಅನುಸೂಚಿಯಲ್ಲೇ ಇದೆ. ಒಂದು ಕೈಯ ಎರಡು ಬೆರಳು ಹೋದರೆ ಗಳಿಸುವ ಶಕ್ತಿಯಲ್ಲಿ 20 ಶೇಕಡಾ ನಷ್ಟ. ಹೆಬ್ಬೆರಳು ಒಂದೇ ಹೋದರೂ 30. ನಿಮ್ಮ ತಮ್ಮನ ಸಂಬಳ ತಿಂಗಳಿಗೆ 18 ಸಾವಿರ ದಾಟುತ್ತದೆ, ಆದರೆ ಲೆಕ್ಕಕ್ಕೆ 15,000 ಮಾತ್ರ ಹಿಡಿಯುತ್ತಾರೆ. 2020ರಲ್ಲಿ ಕೇಂದ್ರ ಇಟ್ಟ ಮಿತಿ ಅದು. ಅದರ 60 ಶೇಕಡಾ ಅಂದರೆ 9,000. 26 ವರ್ಷಕ್ಕೆ ಕೊಟ್ಟಿರುವ ಗುಣಕ 215.28. ಗುಣಿಸಿದರೆ 19,37,520. ಅದರಲ್ಲಿ 20 ಶೇಕಡಾ 3,87,504 ರೂಪಾಯಿ.

ಇದು ಬೆರಳಿನ ಲೆಕ್ಕ ಮಾತ್ರ. ಆಸ್ಪತ್ರೆ ಖರ್ಚು ಬೇರೆ, ಅದನ್ನು ಪೂರ್ತಿ ಓನರ್ ಕೊಡಲೇಬೇಕು. ಅವರು ಕಟ್ಟಿದ 62 ಸಾವಿರವನ್ನು ಈ ಮೊತ್ತದಲ್ಲಿ ಕಳೆಯುವಂತಿಲ್ಲ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12 ಶೇಕಡಾ ಬಡ್ಡಿ, ಸರಿಯಾದ ಕಾರಣ ಇಲ್ಲದೆ ತಡ ಮಾಡಿದರೆ ಮೂಲ ಮೊತ್ತದ ಅರ್ಧದವರೆಗೆ ದಂಡ.

ಬಾಂಡ್ ಪೇಪರ್ ಬಗ್ಗೆ: ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡರೆ ಆ ಬರಹಕ್ಕೆ ಬೆಲೆ ಇಲ್ಲ. 17ನೇ ಕಲಂ ಅದನ್ನೇ ಹೇಳುತ್ತದೆ. ರಾಜಿ ಆಗುವುದಾದರೂ ಈ ಪರಿಹಾರದ ಕೇಸ್ ನೋಡುವ ಕಮಿಷನರ್ ಹತ್ತಿರ ನೋಂದಣಿ ಆಗಬೇಕು. ಹಾಗಂತ ಸಹಿ ಹಾಕಬೇಡಿ. ಹಾಕಿದರೆ ಅದನ್ನು ಹಿಡಿದುಕೊಂಡು ಎರಡು ವರ್ಷ ಎಳೆಯುತ್ತಾರೆ.

ರಾಣೆಬೆನ್ನೂರಿನ ಅಕ್ಕ

ಸರ್, ಮೂರು ಲಕ್ಷ ಎಂಬತ್ತೇಳು ಸಾವಿರಾನಾ? ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಗಾರ್ಡ್ ವಿಷಯ ಹೇಳಿ. ನಿಜ ಹೇಳಬೇಕೆಂದರೆ ಆ ವರ್ಕ್‌ಶಾಪ್‌ನ ಮೂರು ಕಟ್ಟರ್‌ಗೂ ಗಾರ್ಡ್ ಇಲ್ಲ. ತಮ್ಮ ಸೇರಿದಾಗಲೇ ಇರಲಿಲ್ಲವಂತೆ.

ಕಾನೂನು ಗೊತ್ತು

ಗಾರ್ಡ್ ತೆಗೆದಿದ್ದರೆ ಪರಿಹಾರ ಇಲ್ಲ. ಕಾಯ್ದೆಯಲ್ಲೇ ಇದೆ. ಓನರ್ ಹೇಳಿದ್ದು ಸರಿ.

ತುಮಕೂರು ಲಾಯರ್

@ಕಾನೂನು ಗೊತ್ತು, ಅರ್ಧ ಓದಿದ್ದೀರಿ. 3ನೇ ಕಲಂ ಹೇಳುವುದು ಕೆಲಸಗಾರ "ಬೇಕೆಂದೇ" ಸುರಕ್ಷತಾ ಸಾಧನ ತೆಗೆದಿದ್ದರೆ ಎಂದು. ಅದು ಸುರಕ್ಷತೆಗೆ ಇಟ್ಟದ್ದು ಎಂದು ಅವನಿಗೆ ಗೊತ್ತಿರಬೇಕು. ಇದನ್ನೆಲ್ಲ ಸಾಬೀತು ಮಾಡಬೇಕಾದವರು ಓನರ್. ಸಾವು ಅಥವಾ ಪೂರ್ತಿ ಅಂಗವೈಕಲ್ಯ ಆಗಿದ್ದರಂತೂ ಆ ವಾದಕ್ಕೇ ಜಾಗ ಇಲ್ಲ. ಬರೀ ಅಜಾಗರೂಕತೆ ಇದ್ದರೆ ಪರಿಹಾರ ತಪ್ಪುವುದಿಲ್ಲ.

ಅಕ್ಕ, ಮೂರೂ ಮಷಿನ್‌ಗೆ ಗಾರ್ಡ್ ಇರಲಿಲ್ಲ ಎನ್ನುವುದೇ ನಿಮ್ಮ ದೊಡ್ಡ ಬಲ. ತಮ್ಮನ ಫೋನಿನಲ್ಲಿ ಹಳೆ ಫೋಟೋ, ವಿಡಿಯೋ ಹುಡುಕಿ. ಹುಡುಗರು ಕೆಲಸ ಮಾಡುವಾಗ ರೀಲ್ಸ್ ತೆಗೆದಿರುತ್ತಾರೆ. ಗಾರ್ಡ್ ಇಲ್ಲದ ಕಟ್ಟರ್ ಒಂದರಲ್ಲಾದರೂ ಕಾಣುತ್ತದೆ.

ನರ್ಸಮ್ಮ

ನಾನು ಸರ್ಕಾರಿ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಇದ್ದವಳು. ಎರಡು ಮಾತು.

"ಮನೆಯಲ್ಲಿ ಆದ ಗಾಯ" ಎಂದು ಬರೆಸುವುದು ಹೊಸದಲ್ಲ. ಕೆಲಸದ ಜಾಗದ ಗಾಯ ಎಂದರೆ ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಆಗುತ್ತದೆ, ಪೊಲೀಸರಿಗೆ ಮಾಹಿತಿ ಹೋಗುತ್ತದೆ. ಕರೆದುಕೊಂಡು ಬಂದವರು ಅದನ್ನು ತಪ್ಪಿಸಲು ನೋಡುತ್ತಾರೆ. ತಮ್ಮನ ಕೈಲಿ ಒಂದು ಅರ್ಜಿ ಬರೆಸಿ, ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೇಸ್ ಶೀಟ್‌ನ ಪೂರ್ತಿ ಪ್ರತಿ ಕೇಳಿ. ಮೊದಲ ಪುಟದಲ್ಲಿ ಡ್ಯೂಟಿ ಡಾಕ್ಟರ್ ಕೈಬರಹದಲ್ಲಿ "ಗರಗಸದ ಗಾಯ, ಕೆಲಸ ಮಾಡುವಾಗ" ಎಂದು ಇದ್ದರೂ ಇರಬಹುದು. ಡಿಸ್ಚಾರ್ಜ್ ಚೀಟಿ ಟೈಪ್ ಮಾಡುವವರು ಬೇರೆ.

ಇನ್ನೊಂದು, ಐಸ್. ಆ ಹುಡುಗರನ್ನು ಬೈಯಬೇಡಿ, ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ. ಆದರೆ ಬೇರೆಯವರಿಗೆ ತಿಳಿಯಲಿ: ತುಂಡಾದ ಬೆರಳನ್ನು ನೇರ ಐಸ್ ಒಳಗೆ ಹಾಕಬಾರದು, ನೀರಿನಲ್ಲೂ ಮುಳುಗಿಸಬಾರದು. ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಬಿಗಿಯಾಗಿ ಕಟ್ಟಿ. ಆ ಕವರನ್ನು ಐಸ್ ನೀರಿನ ಇನ್ನೊಂದು ಕವರ್‌ನಲ್ಲಿ ಇಡಿ. ನೇರ ಐಸ್ ತಾಗಿದರೆ ಅಂಗಾಂಶ ಹೆಪ್ಪುಗಟ್ಟಿ ಸಾಯುತ್ತದೆ. ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ಅರಿಶಿನ, ಕಾಫಿಪುಡಿ ಮೆತ್ತಬೇಡಿ.

ಹಲ್ಲಿನ ಬ್ಲೇಡ್‌ನ ಗಾಯ ಚಾಕುವಿನ ಗಾಯದ ಹಾಗಲ್ಲ, ನರ, ರಕ್ತನಾಳ ಹರಿದು ಚಿಂದಿ ಆಗಿರುತ್ತವೆ. ಹಾಗಾಗಿ ಸರಿಯಾಗಿ ಒಯ್ದಿದ್ದರೂ ಜೋಡಿಸಲು ಆಗುತ್ತಿತ್ತು ಎಂದು ಹೇಳಲಾರೆ. ಇದನ್ನು ಆ ಹುಡುಗರಿಗೆ ಹೇಳಿ, ಅವರೂ ನಿದ್ದೆ ಮಾಡಿರುವುದಿಲ್ಲ.

ರಾಣೆಬೆನ್ನೂರಿನ ಅಕ್ಕ

ಐಸ್ ತಂದ ಹುಡುಗ ದಿನಾ ಫೋನ್ ಮಾಡಿ ಅಳುತ್ತಾನೆ. ಇದನ್ನು ಅವನಿಗೆ ಕಳಿಸಿದೆ.

ಮಲೆನಾಡ ಮಳೆ

ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ಓನರ್ ಓಡಿ ಬರುತ್ತಾರೆ. ಅದೇ ಸುಲಭ.

ತುಮಕೂರು ಲಾಯರ್

ಕೊಡಿ, ಬೇಡ ಎನ್ನಲ್ಲ. ಯಂತ್ರದ ವಿಷಯದಲ್ಲಿ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಲಂ ಇದೆ. ದೂರು ಕೊಟ್ಟರೆ ಸ್ಥಳ ಮಹಜರೂ ಆಗುತ್ತದೆ. ಆದರೆ ಪೊಲೀಸ್ ಕೇಸ್‌ನಿಂದ ಪರಿಹಾರ ಬರುವುದಿಲ್ಲ, ಆ ಅರ್ಜಿ ಬೇರೆಯೇ. ಜನ ಇಲ್ಲೇ ಎಡವುತ್ತಾರೆ. ಠಾಣೆಗೆ ಅಲೆದು ಎರಡು ವರ್ಷ ಕಳೆಯುತ್ತಾರೆ, ಪರಿಹಾರದ ಅರ್ಜಿಗೆ ಇರುವ ಗಡುವೂ ಅದೇ ಎರಡು ವರ್ಷ.

ಇನ್ನೊಂದು ಒಳ್ಳೆಯ ಸುದ್ದಿ. ಅರ್ಜಿಯನ್ನು ಬೆಂಗಳೂರಿನಲ್ಲೇ ಹಾಕಬೇಕಿಲ್ಲ. ಕೆಲಸಗಾರ ವಾಸವಿರುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು.

ಎಡಗೈ

ನಾನು ಸಾಮಾನ್ಯವಾಗಿ ಬರೆಯಲ್ಲ. ನನ್ನ ಎಡಗೈಯ ಮೂರು ಬೆರಳು 2014ರಲ್ಲಿ ಹೋದವು. ಟೇಬಲ್ ಸಾ. ತುಂಡು ಸಣ್ಣದಿತ್ತು, ಕೋಲಿನಿಂದ ತಳ್ಳಬೇಕಿತ್ತು, ಕೈಯಿಂದ ತಳ್ಳಿದೆ. ಸದ್ದಿನಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ನೋವೂ ಇರಲಿಲ್ಲ. ಮರದ ಪುಡಿ ಕೆಂಪಾದಾಗ ನೋಡಿದೆ.

ನಾನು 30 ಸಾವಿರ ತಗೊಂಡು ಸಹಿ ಹಾಕಿದೆ. ಆಗ ಮಗಳು ಹುಟ್ಟಿ ಎರಡು ತಿಂಗಳು, ಮನೆಯಲ್ಲಿ ಅಕ್ಕಿ ಇರಲಿಲ್ಲ. ಓನರ್ ಒಳ್ಳೆಯವರು, ಕೆಲಸ ಕೊಡುತ್ತೇನೆ ಅಂದಿದ್ದರು. ಆರು ತಿಂಗಳು ಗುಡಿಸಲು, ಪಾಲಿಶ್ ಪೇಪರ್ ಉಜ್ಜಲು ಇಟ್ಟುಕೊಂಡರು. ಆಮೇಲೆ ಸಂಬಳ ಅರ್ಧ ಮಾಡಿದರು. ಆಮೇಲೆ ಫೋನ್ ಎತ್ತಲಿಲ್ಲ.

ತಮ್ಮನಿಗೆ ಯಾರೂ ಹೇಳದ ಕೆಲವು ವಿಷಯ ಇವೆ. ಇಲ್ಲದ ಬೆರಳು ಕೆರೆಯುತ್ತದೆ, ಉರಿಯುತ್ತದೆ. ಹುಚ್ಚು ಹಿಡಿದಿದೆ ಅಂದುಕೊಳ್ಳಬೇಡ, ತುಂಬಾ ಜನರಿಗೆ ಆಗುತ್ತದೆ. ಗಾಯ ಒಣಗಿದ ಮೇಲೆ ತುದಿಯನ್ನು ದಿನಾ ಮುಟ್ಟಬೇಕು. ಮೊದಲು ಹತ್ತಿ, ಆಮೇಲೆ ಬಟ್ಟೆ, ಆಮೇಲೆ ಅಕ್ಕಿ ತುಂಬಿದ ಡಬ್ಬದಲ್ಲಿ ಕೈ ಆಡಿಸಬೇಕು. ಫಿಸಿಯೋ ಹೇಳಿಕೊಟ್ಟದ್ದು ಇದು. ನಾನು ಎಂಟು ತಿಂಗಳು ಕೈ ಮುಚ್ಚಿಕೊಂಡೇ ಇದ್ದೆ, ಅದಕ್ಕೆ ಉಳಿದ ಬೆರಳೂ ಬಿಗಿದುಕೊಂಡಿತು. ಅವನು ಟವೆಲ್ ತೆಗೆಯಲಿ.

ಮರಗೆಲಸದವ

ಅಣ್ಣಾ, ಇದು ನನ್ನ ವರ್ಕ್‌ಶಾಪ್ ಹುಡುಗರ ಗ್ರೂಪ್‌ಗೆ ಹೋಯಿತು.

ಸಣ್ಣ ವರ್ಕ್‌ಶಾಪ್

ನಾನು ಓನರ್. ಹುಬ್ಬಳ್ಳಿ ಗೋಕುಲ ರಸ್ತೆಯಲ್ಲಿ ಫ್ಯಾಬ್ರಿಕೇಶನ್, ಎಂಟು ಜನ. ಎಲ್ಲ ಓನರ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಾಲ್ಕು ಲಕ್ಷ ಒಮ್ಮೆಗೇ ಕೊಡು ಎಂದರೆ ನನ್ನಂಥವನು ಶಟರ್ ಎಳೆಯಬೇಕಾಗುತ್ತದೆ. ಬಿಲ್ಡರ್ ಮೂರು ತಿಂಗಳಾದರೂ ಪೇಮೆಂಟ್ ಕೊಡಲ್ಲ, ಡೆಲಿವರಿ ಮಾತ್ರ ನಾಳೆ ಬೇಕು. ಆ ಅವಸರದಲ್ಲೇ ಗಾರ್ಡ್ ಬಿಚ್ಚುವುದು.

ಪೀಣ್ಯ ಫಿಟ್ಟರ್

ಅವಸರ ನಿಮ್ಮದು, ಬೆರಳು ಅವನದು. ಅದು ಸರಿಯಾ?

ಸಣ್ಣ ವರ್ಕ್‌ಶಾಪ್

ಸರಿ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೌಕರರ ಪರಿಹಾರಕ್ಕೇ ಇನ್ಶೂರೆನ್ಸ್ ಪಾಲಿಸಿ ಸಿಗುತ್ತದೆ. ಹೆಸರು ಹೆಸರು ಬೇಕಿಲ್ಲ, ಎಷ್ಟು ಜನ, ಎಷ್ಟು ಸಂಬಳ ಎಂದು ಕೊಟ್ಟರೆ ಸಾಕು. ನಾನು ಮಾಡಿಸಿದ್ದೇನೆ. 2022ರಲ್ಲಿ ನಮ್ಮ ಹುಡುಗನ ಕಣ್ಣಿಗೆ ಗ್ರೈಂಡಿಂಗ್ ಕಿಡಿ ಹೋಗಿ ದೃಷ್ಟಿ ಕಮ್ಮಿ ಆದಾಗ ಪರಿಹಾರ ಇನ್ಶೂರೆನ್ಸ್‌ನಿಂದಲೇ ಹೋಯಿತು. ನಾನೇ ಅವನ ಜೊತೆ ಹೋಗಿ ಹೇಳಿಕೆ ಕೊಟ್ಟೆ. ಅಕ್ಕ, ನಿಮ್ಮ ಓನರ್ ಹತ್ತಿರ ಪಾಲಿಸಿ ಇದೆಯಾ ಕೇಳಿ. ಇದ್ದರೆ ಅವರು ಹೆದರುವ ಕಾರಣವೇ ಇಲ್ಲ. ದಂಡ ಬಿದ್ದರೆ ಮಾತ್ರ ಇನ್ಶೂರೆನ್ಸ್ ಕೊಡಲ್ಲ, ಅದು ಓನರ್ ಜೇಬಿನಿಂದ.

ಇನ್ನೊಂದು. ಆಯುಧ ಪೂಜೆಗೆ ಎಲ್ಲ ಮಷಿನ್ ತೊಳೆದು ಕುಂಕುಮ ಇಡುತ್ತೇವಲ್ಲ, ಆ ಘಟನೆ ಆದಾಗಿನಿಂದ ಹಿಂದಿನ ದಿನ ಎಲ್ಲ ಗಾರ್ಡ್ ಹುಡುಕಿ ಹಾಕಿಸುತ್ತೇನೆ, ಹರಿದ ವೈರ್ ಬದಲಾಯಿಸುತ್ತೇನೆ. ಗಾರ್ಡ್ ಇಲ್ಲದ ಮಷಿನ್‌ಗೆ ಪೂಜೆ ಇಲ್ಲ ಎಂದು ಹೇಳಿದ್ದೇನೆ. ಹುಡುಗರು ಬೇರೆ ಯಾವ ಮಾತು ಕೇಳದಿದ್ದರೂ ಇದನ್ನು ಕೇಳುತ್ತಾರೆ.

ಪೀಣ್ಯ ಫಿಟ್ಟರ್

ಇದು ಒಳ್ಳೆಯದು ಅಣ್ಣ. ನಾನು ಜೋರಾಗಿ ಮಾತಾಡಿದೆ.

ಡೆಟ್ರಾಯಿಟ್ ಕನ್ನಡಿಗ

ಇಲ್ಲಿ ಗ್ಯಾರೇಜ್‌ನಲ್ಲಿ ಹವ್ಯಾಸಕ್ಕೆ ಮರಗೆಲಸ ಮಾಡುತ್ತೇನೆ. ಸಾಸ್ಟಾಪ್ ಎಂಬ ಟೇಬಲ್ ಸಾ ಇದೆ. ಬ್ಲೇಡ್‌ಗೆ ಚರ್ಮ ತಾಗಿದರೆ ವಿದ್ಯುತ್ ಸಂಕೇತದ ಬದಲಾವಣೆ ಗುರುತಿಸಿ, ಅಲ್ಯೂಮಿನಿಯಂ ಬ್ರೇಕ್ ಹಾರಿ ಕೆಲವೇ ಮಿಲಿಸೆಕೆಂಡಿನಲ್ಲಿ ಬ್ಲೇಡ್ ನಿಲ್ಲುತ್ತದೆ. ಗೀರಿನಷ್ಟು ಗಾಯ. ಇಂಥದ್ದು ಭಾರತದಲ್ಲಿ ಯಾಕೆ ಬರಬಾರದು?

ಮರಗೆಲಸದವ

ಸರ್, ಅದರ ದುಡ್ಡಿನಲ್ಲಿ ಇಲ್ಲಿ ಒಂದು ವರ್ಕ್‌ಶಾಪ್‌ಗೇ ಮಷಿನ್ ಬರುತ್ತದೆ. ನಮಗೆ ಬೇಕಿರುವುದು ಡಬ್ಬದ ಜೊತೆ ಬಂದ ಗಾರ್ಡ್, ಎರಡು ಕ್ಲಾಂಪ್, ಒಂದು ತಳ್ಳುವ ಕೋಲು.

ಸುಮ್ನೆ ಓದುವವ

ವಿಷಯ ಬಿಟ್ಟು ಒಂದು ಪ್ರಶ್ನೆ. ನಮ್ಮ ಮಾವನಿಗೂ ಬೆರಳಿಲ್ಲ, ರೇಷನ್ ಅಂಗಡಿಯಲ್ಲಿ ಬೆರಳಚ್ಚು ತಗೊಳಲ್ಲ. ಏನು ಮಾಡಬೇಕು?

ನರ್ಸಮ್ಮ

ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಅಪ್‌ಡೇಟ್ ಮಾಡಿಸಿ. ಉಳಿದ ಬೆರಳು, ಕಣ್ಣಿನ ಪಾಪೆ ದಾಖಲಾಗುತ್ತದೆ. ರಾಣೆಬೆನ್ನೂರಿನ ಅಕ್ಕ, ನೀವೂ ಮಾಡಿಸಿ. ಅಂಗವಿಕಲರ ಕಾರ್ಡ್‌ಗೂ ಹಾಕಿ, ಆದರೆ ಸವಲತ್ತು ಜಾಸ್ತಿ ಸಿಗುವುದು 40 ಶೇಕಡಾ ಮೇಲಿದ್ದರೆ. ಎರಡು ಬೆರಳಿಗೆ ಅಷ್ಟು ಬರುವುದು ಕಷ್ಟ.

ಮಲೆನಾಡ ಮಳೆ

ಅನುಸೂಚಿಯ 20 ಶೇಕಡಾ ಅಂದರೆ ಅಷ್ಟೇನಾ? ಬಡಗಿಗೆ ಎಡಗೈ ಎರಡು ಬೆರಳು ಅಂದರೆ ಅರ್ಧ ಕಸುಬು. ಅಕೌಂಟೆಂಟ್‌ಗೂ ಬಡಗಿಗೂ ಒಂದೇ ಲೆಕ್ಕ ಹೇಗೆ?

ತುಮಕೂರು ಲಾಯರ್

ಒಳ್ಳೆ ಪ್ರಶ್ನೆ. 1975ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ಒಬ್ಬ ಬಡಗಿಯ ಕೇಸಿನಲ್ಲೇ. ಕೆಲಸದ ಜಾಗದಲ್ಲಿ ಬಿದ್ದು ಮೊಣಕೈ ಮೇಲಿಂದ ಎಡಗೈ ಹೋಗಿತ್ತು. ಅನುಸೂಚಿ ಪ್ರಕಾರ ನೂರು ಆಗುತ್ತಿರಲಿಲ್ಲ. ಒಂದೇ ಕೈಯಲ್ಲಿ ಮರಗೆಲಸ ಮಾಡಲು ಆಗುವುದಿಲ್ಲ, ಹಾಗಾಗಿ ಇವನಿಗೆ ಆದದ್ದು ಪೂರ್ತಿ ನಷ್ಟ ಎಂದು ಕೋರ್ಟ್ ಒಪ್ಪಿತು. ಪರಿಹಾರ ಕೊಡಬೇಕಾದ ಹೊಣೆ ಅಪಘಾತದ ದಿನದಿಂದಲೇ ಶುರು ಎಂದದ್ದೂ ಅದೇ ತೀರ್ಪು. ಎರಡು ಬೆರಳಿಗೆ ನೂರು ಸಿಗಲ್ಲ, ಸುಳ್ಳು ಆಸೆ ಹುಟ್ಟಿಸಲ್ಲ. ಆದರೆ ಮೊಳೆ, ಉಳಿ ಹಿಡಿಯಲು ಆಗುತ್ತಿಲ್ಲ ಎಂದು ಡಾಕ್ಟರ್ ಸಾಕ್ಷಿ ಹೇಳಿದರೆ 20ಕ್ಕಿಂತ ಹೆಚ್ಚು ಕೇಳಬಹುದು.

ಈಗ ಮಾಡಬೇಕಾದ ಕೆಲಸ: ಓನರ್‌ಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ನೋಟಿಸ್. ಶನಿವಾರದ ಬಟವಾಡೆ ಫೋನ್‌ಪೇಯಲ್ಲಿ ಬಂದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಕೆಲಸದ ಸಂಬಂಧಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಓನರ್‌ನ ವಾಟ್ಸಾಪ್ ಧ್ವನಿ ಸಂದೇಶ ಅಳಿಸಬೇಡಿ. ಫೀಸ್‌ಗೆ ದುಡ್ಡಿಲ್ಲದಿದ್ದರೆ ಹಾವೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ರಾಣೆಬೆನ್ನೂರಿನ ಅಕ್ಕ

ಫೋನ್‌ಪೇ ಇದೆ ಸರ್! ನಾಲ್ಕು ವರ್ಷದ್ದೂ ಇದೆ. ವಿಡಿಯೋನೂ ಸಿಕ್ಕಿತು. ಯುಗಾದಿ ಹಿಂದಿನ ದಿನದ್ದು, ತಮ್ಮ ಕೊಯ್ಯುತ್ತಿದ್ದಾನೆ, ಹಿಂದೆ ನಿಂತು ಓನರ್ "ಬೇಗ ಬೇಗ" ಎನ್ನುವುದೂ ಕೇಳಿಸುತ್ತದೆ. ಬ್ಲೇಡ್ ಬೆತ್ತಲೆ ಇದೆ.

ಕಾನೂನು ಗೊತ್ತು

ನಾನು ಆಗ ಅರ್ಧ ಓದಿ ಹೇಳಿದ್ದು ತಪ್ಪಾಯಿತು. ಆ ವಿಡಿಯೋ ಮೂರು ಕಡೆ ಉಳಿಸಿಡಿ.

ರಾಣೆಬೆನ್ನೂರಿನ ಅಕ್ಕ · 14 ಡಿಸೆಂಬರ್ 2025

ತುಂಬಾ ಜನ ಕೇಳಿದ್ದಿರಿ, ಅದಕ್ಕೆ ಬರೆಯುತ್ತಿದ್ದೇನೆ. ಸಹಿ ಹಾಕಲಿಲ್ಲ. ಪ್ರಾಧಿಕಾರದಿಂದ ವಕೀಲೆ ಸಿಕ್ಕರು. ಕೇಸ್ ಶೀಟ್‌ನ ಮೊದಲ ಪುಟದಲ್ಲಿ ನರ್ಸಮ್ಮ ಹೇಳಿದ ಹಾಗೇ ಕೈಬರಹದಲ್ಲಿ "ಕೆಲಸದ ಜಾಗ" ಎಂದಿತ್ತು. ಅಕ್ಟೋಬರ್‌ನಲ್ಲಿ ಅರ್ಜಿ ಹಾಕಿದೆವು. ನೋಟಿಸ್ ಹೋದ ಮೇಲೆ ಓನರ್ ಎರಡೂವರೆ ಲಕ್ಷಕ್ಕೆ ಬಂದಿದ್ದಾರೆ. ಅಪ್ಪ ಈಗ ಪೂರ್ತಿ ಬರಲಿ ಎನ್ನುತ್ತಾರೆ. ಮುಂದಿನ ದಿನಾಂಕ ಜನವರಿಯಲ್ಲಿ.

ಒಂದು ಗಾಬರಿ. ಹೊಸ ಕಾನೂನು ಬಂತು, ಹಳೆಯದು ಹೋಯಿತು ಎನ್ನುತ್ತಿದ್ದಾರೆ. ನಮ್ಮ ಕೇಸ್ ಬಿದ್ದುಹೋಗುತ್ತದಾ?

ತುಮಕೂರು ಲಾಯರ್

ಇಲ್ಲ. ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಹಳೆ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ನಿಮ್ಮ ಅಪಘಾತ ಜುಲೈನದ್ದು, ಹಕ್ಕು ಹುಟ್ಟಿದ್ದೂ ಅವತ್ತೇ. ನಿಶ್ಚಿಂತೆಯಿಂದ ಇರಿ.

ಮರಗೆಲಸದವ

ತಮ್ಮ ಹೇಗಿದ್ದಾನೆ?

ರಾಣೆಬೆನ್ನೂರಿನ ಅಕ್ಕ

ಹೆಬ್ಬೆರಳು, ಉಂಗುರದ ಬೆರಳಿನ ನಡುವೆ ಮೊಳೆ ಹಿಡಿಯಲು ಕಲಿಯುತ್ತಿದ್ದಾನೆ. ಹತ್ತರಲ್ಲಿ ನಾಲ್ಕು ಸರಿ ಹೋಗುತ್ತವೆ. ಕಟ್ಟರ್ ಸದ್ದು ಕೇಳಿದರೆ ಈಗಲೂ ಎದ್ದು ಹೊರಗೆ ಹೋಗುತ್ತಾನೆ. ಅಕ್ಕಿ ಡಬ್ಬದಲ್ಲಿ ಕೈ ಆಡಿಸುವುದು ದಿನಾ ಮಾಡುತ್ತಾನೆ, ಎಡಗೈ ಅಣ್ಣನಿಗೆ ಹೇಳು ಅಂದ. ಬೆಳಗಿನ ಜಾವ ಮಾತ್ರ ತುದಿ ತುಂಬಾ ನೋಯುತ್ತದಂತೆ.

ಎಡಗೈ

ಅದು ಚಳಿಗೆ. ಮೊದಲ ಎರಡು ಚಳಿಗಾಲ ಜಾಸ್ತಿ ಇರುತ್ತದೆ. ಉಣ್ಣೆಯ ಕೈಗವಸು ಹಾಕಿಕೊಂಡು ಮಲಗಲಿ. ಖಾಲಿ ಇರುವ ಎರಡು ಬೆರಳಿನ ಜಾಗ ಒಳಕ್ಕೆ ಮಡಚಿ ಹೊಲಿದುಕೊಡಿ, ಇಲ್ಲದಿದ್ದರೆ ನಿದ್ದೆಯಲ್ಲಿ ಸಿಕ್ಕಿಕೊಳ್ಳುತ್ತದೆ.